ಓಟಿನ ವಾರ, ಹುಳು ಹಣ್ಣಾಗುವ ವಾರ

ಚಿಂತಾಮಣಿಯಿಂದ ಮೈಕ್ ಸೆಟ್ಟಿನ ಜೀಪು ನಮ್ಮ ಮನೆ ಮುಂದೆ ಬಂದು ನಿಂತ ದಿನ ಒಳಗೆ ಹುಳುಗಳು ನಾಲ್ಕನೇ ಜ್ವರದಲ್ಲಿದ್ದವು. ರೇಷ್ಮೆ ಸಾಕದವರಿಗೆ ಇದನ್ನು ಬಿಡಿಸಿ ಹೇಳಬೇಕು. ರೇಷ್ಮೆ ಹುಳು ತನ್ನ ಆಯುಸ್ಸಿನಲ್ಲಿ ನಾಲ್ಕು ಸಲ ತಿನ್ನುವುದನ್ನು ಬಿಟ್ಟು, ತಲೆ ಎತ್ತಿಕೊಂಡು ಅಲ್ಲಾಡದೆ ಮಲಗುತ್ತದೆ. ಆಮೇಲೆ ಹಳೆಯ ಚರ್ಮ ಕಳಚಿ ಏಳುತ್ತದೆ. ಅದಕ್ಕೆ ನಮ್ಮ ಕಡೆ ಜ್ವರ ಅನ್ನುತ್ತಾರೆ. ಜ್ವರದ ಹೊತ್ತಿನಲ್ಲಿ ಮನೆಯವರು ಜೋರಾಗಿ ಮಾತಾಡುವುದಿಲ್ಲ, ಪಾತ್ರೆ ಸದ್ದು ಮಾಡುವುದಿಲ್ಲ. ಅಂಥ ಹೊತ್ತಿನಲ್ಲಿ ಜೀಪಿನ ತಲೆ ಮೇಲಿನ ಕೊಂಬು "ಏಣಿ ಗುರುತಿಗೇ ನಿಮ್ಮ ಓಟು" ಎಂದು ಊರೆಲ್ಲ ಕೇಳುವಂತೆ ಅರಚಿತು. ಏಣಿ ನನ್ನ ಗುರುತು.

ನನ್ನ ಹೆಂಡತಿ ಹೊರಗೆ ಬಂದಳು. ಅವಳು ಜೀಪಿನ ಕಡೆ ನೋಡಲಿಲ್ಲ, ನನ್ನನ್ನು ನೋಡಿದಳು.

"ಅದರ ಬಾಯಿ ಮುಚ್ಚಿಸ್ತೀರೋ, ನಾನೇ ಬಂದು ಮುಚ್ಚಿಸ್ಲೋ?"

ಜೀಪಿನಲ್ಲಿದ್ದವನು ಅವಳ ತಮ್ಮನೇ. ಶಿಡ್ಲಘಟ್ಟದಲ್ಲಿ ವಕೀಲಿ ಮಾಡುತ್ತಿದ್ದ, ನನ್ನ ಪ್ರಚಾರದ ಭಾರವನ್ನೆಲ್ಲ ತಾನೇ ಹೊತ್ತುಕೊಂಡಿದ್ದ. "ಅಕ್ಕಾ, ಒಂದು ವಾರಕ್ಕೆ ಅಂತ ಬಾಡಿಗೆಗೆ ತಂದಿದೀನಿ" ಎಂದ.

"ಹಂಗಾದ್ರೆ ಊರಾಚೆ ಬಂಡೆ ಮುಂದೆ ನಿಲ್ಲಿಸಿ ಕೂಗಿಸ್ಕೊ. ಅದು ಕೇಳಿಸ್ಕೊಳ್ಳುತ್ತೆ" ಎಂದು ಹೇಳಿ ಅವಳು ಒಳಗೆ ಹೋದಳು. ಹೀಗೆ ನನ್ನ ಪ್ರಚಾರ ಶುರುವಾಯಿತು.

ತಾಲ್ಲೂಕು ಬೋರ್ಡಿಗೆ ಜನರಿಂದಲೇ ಆರಿಸುವುದು ಆಗಿನ್ನೂ ಹೊಸತು. ಅರುವತ್ತನೇ ಇಸವಿಯ ಆಸುಪಾಸಿನ ಮಾತು. ನಮ್ಮೂರಿಂದ ಮೇಲೂರಿಗೆ ಹೋಗುವ ದಾರಿ ಮಳೆಗಾಲದಲ್ಲಿ ಗಾಡಿ ಹೂತುಹೋಗುವಷ್ಟು ಕೆಸರಾಗುತ್ತಿತ್ತು. ಅದನ್ನು ಸರಿ ಮಾಡಿಸಬೇಕೆಂದೇ ನಿಂತಿದ್ದೇನೆ ಎಂದು ಎಲ್ಲರಿಗೂ ಹೇಳುತ್ತಿದ್ದೆ. ಅದೂ ನಿಜವೇ. ಆದರೆ ಬಿಳಿ ಜುಬ್ಬ ತೊಟ್ಟು ನಾಲ್ಕು ಜನರ ಮುಂದೆ ನಿಂತು ಮಾತಾಡುವ ಚಪಲವೂ ನನಗಿತ್ತು. ಮನೆಯಲ್ಲಿ ಆ ಚಪಲ ತೀರುವಂತಿರಲಿಲ್ಲ.

ನನ್ನ ಎದುರಿಗೆ ನಿಂತವರು ಮೇಲೂರಿನ ಒಬ್ಬ ಸಾಹೇಬರು. ರೈತರಿಂದ ಗೂಡು ಕೊಂಡು, ಬಿಸಿನೀರಿಗೆ ಹಾಕಿ ನೂಲು ತೆಗೆಸುವ ರೀಲರ್ ಕೆಲಸ ಅವರದು. ಮನೆಮಾತು ಉರ್ದು. ವ್ಯಾಪಾರಕ್ಕೆ ಕೂತರೆ ನಮಗಿಂತ ಚೆನ್ನಾಗಿ ಕನ್ನಡ, ನಮಗಿಂತ ಚೆನ್ನಾಗಿ ತೆಲುಗು. ನಮ್ಮ ಮನೆ ಗೂಡನ್ನೂ ಎಷ್ಟೋ ವರ್ಷದಿಂದ ಅವರೇ ಕೊಳ್ಳುತ್ತಿದ್ದರು. ಅವರ ಗುರುತು ಕೊಡೆ.

ಭಾವಮೈದ ಯಾವ ದಿನ ಯಾವ ಊರು ಎಂದು ಅಚ್ಚುಕಟ್ಟಾಗಿ ಗೊತ್ತುಮಾಡಿದ್ದ. ಹುಳುವಿನ ವಿಷಯ ಮಾತ್ರ ಅವನ ತಲೆಗೆ ಹೊಳೆದಿರಲಿಲ್ಲ. ಸುತ್ತಲಿನ ಊರುಗಳೆಲ್ಲ ಒಂದೇ ಸಮಯಕ್ಕೆ ಮೊಟ್ಟೆ ತಂದಿದ್ದರಿಂದ ಎಲ್ಲರ ಮನೆಯಲ್ಲೂ ಅದೇ ಜ್ವರ. ಮೊದಲನೇ ಊರಿನ ಕೆರೆ ಏರಿ ಮೇಲೆಯೇ ಒಬ್ಬ ಮುದುಕರು ಟವೆಲ್ ಬೀಸಿ ನಮ್ಮ ಜೀಪನ್ನು ತಡೆದರು. ಅಲ್ಲೇ ಹುಣಸೆ ಮರದ ಕೆಳಗೆ ಜೀಪು ಬಿಟ್ಟು ನಡೆದುಕೊಂಡು ಹೋದೆವು.

ಮಾರನೇ ದಿನ ಹುಳುಗಳು ಎದ್ದವು. ನಾಲ್ಕನೇ ಜ್ವರ ಎದ್ದ ಹುಳು ಸುಮಾರು ಒಂದು ವಾರ ಹಗಲು ರಾತ್ರಿ ತಿನ್ನುತ್ತಲೇ ಇರುತ್ತದೆ. ತಿಂದು ತಿಂದು ಹಣ್ಣಾಗಿ, ಆಮೇಲೆ ಗೂಡು ಕಟ್ಟುತ್ತದೆ. ಆ ವಾರ ಮನೆಯವರಿಗೆ ನಿದ್ದೆಯಿಲ್ಲ, ನೆಂಟರಿಲ್ಲ. ತೋಟದಿಂದ ಹಿಪ್ಪುನೇರಳೆ ಕಡ್ಡಿಯನ್ನು ಹೊರೆ ಹೊರೆಯಾಗಿ ತಂದು ಜಗಲಿಗೆ ಹಾಕಿ, ಎಲ್ಲರೂ ಕೂತು ಎಲೆ ಬಿಡಿಸುತ್ತಾರೆ. ಭಾಷಣ ಕೇಳುವುದಕ್ಕೆ ಯಾರಿಗೆ ಪುರುಸೊತ್ತು? ನಾನು ಜಗಲಿಯ ಮೇಲೆ ಅವರ ಜೊತೆ ಕೂತೆ. ಕಡ್ಡಿ ಹಿಡಿದು ಎಲೆ ಬಿಡಿಸುತ್ತ, ತಗ್ಗಿದ ದನಿಯಲ್ಲಿ ದಾರಿಯ ಮಾತು, ಬಾವಿಯ ಮಾತು, ಶಾಲೆಯ ಮಾತು ಆಡಿದೆ. ಒಂದು ಹೊರೆ ಮುಗಿಯುವ ಹೊತ್ತಿಗೆ ನನ್ನ ಮಾತೂ ಮುಗಿಯುತ್ತಿತ್ತು. ಬಾಗಿಲಿಗೆ ಬೇವಿನ ಸೊಪ್ಪು ಸಿಕ್ಕಿಸಿದ್ದರೆ ಒಳಗೆ ಹುಳು ಇದೆ ಎಂದು ಅರ್ಥ, ಹೊರಗಿನವರು ಹೊಸಿಲು ದಾಟುವಂತಿಲ್ಲ. ಕರೆದರೆ ಮಾತ್ರ ಕೈಕಾಲು ತೊಳೆದು ಹೋಗಬೇಕು. ಬೀಡಿ, ಹೂವು, ಅತ್ತರು ಯಾವುದರ ವಾಸನೆಯೂ ಹುಳುವಿಗೆ ಆಗುವುದಿಲ್ಲ.

"ಭಾವ, ಹಿಂಗೆ ಪಿಸುಗುಟ್ಕೊಂಡು ಎಲೆಕ್ಷನ್ ಗೆಲ್ಲಕ್ಕಾಗುತ್ತಾ?" ಎಂದು ಭಾವಮೈದ ಒದ್ದಾಡಿದ.

ಸಾದಲಿಯಲ್ಲಿ ಒಂದು ಮದುವೆಗೆ ಹೋದಾಗ ಚಪ್ಪರದ ಕೆಳಗೆ ಸಾಹೇಬರು ಸಿಕ್ಕಿದರು. "ಏನ್ ಗೌಡ್ರೇ, ನಿಮ್ಮ ಜೀಪಿನ ಸದ್ದೇ ಇಲ್ಲ" ಎಂದರು.

"ಜ್ವರ ಸಾಹೇಬ್ರೇ."

"ನನಗೆ ಗೊತ್ತಿತ್ತಲ್ಲ, ಅದಕ್ಕೇ ನಾನು ಸೈಕಲ್ ಮೇಲೆ ಬಂದೆ" ಎಂದು ಮೀಸೆಯಲ್ಲೇ ನಕ್ಕರು. ನನಗೆ ಮೈ ಉರಿಯಿತು. ಆದರೆ ಅವರ ಮಾತಿನಲ್ಲಿ ಕೊಂಕಿರಲಿಲ್ಲ, ನನಗೂ ನಗು ಬಂತು.

ಬುಧವಾರ ಪಟೇಲರ ಊರು. ನಮ್ಮೂರಿಗೂ ಅವರ ಊರಿಗೂ ನಡುವೆ ಒಂದು ಕೆರೆ ಅಷ್ಟೆ. ದೊಡ್ಡ ಊರು, ದೊಡ್ಡ ಪಟೇಲರು. ಪಂಪುಸೆಟ್ಟಿನ ಬಾವಿ, ಅದರ ಸುತ್ತ ಹಿಪ್ಪುನೇರಳೆ ತೋಟ. ಊರಿನಲ್ಲಿ ಸ್ವಂತ ತೋಟವಿಲ್ಲದವರು ಅವರ ಸೊಪ್ಪಿನಿಂದಲೇ ಹುಳು ಸಾಕಿ, ಬಂದ ಗೂಡಿನಲ್ಲಿ ಅವರಿಗೆ ಪಾಲು ಕೊಡುತ್ತಿದ್ದರು. ಪಟೇಲರು ನನ್ನ ತಂದೆಯ ಕಾಲದಿಂದ ಬೇಕಾದವರು. ನನ್ನನ್ನು ನಿಲ್ಲಿಸಿದ್ದರಲ್ಲೂ ಅವರ ಕೈ ಇತ್ತು. ಆ ಊರೊಂದು ಬಂದರೆ ನಾನು ಗೆದ್ದ ಹಾಗೆಯೇ ಎಂದು ಭಾವಮೈದ ಹೇಳುತ್ತಿದ್ದ.

ಪಟೇಲರು ತಮ್ಮ ಜಗಲಿಯ ಮೇಲೆ ಹಿತ್ತಾಳೆ ತಟ್ಟೆಯಲ್ಲಿ ಎಲೆ, ಅಡಿಕೆ, ಒಂದು ತೆಂಗಿನಕಾಯಿ ಇಟ್ಟು ಕೂತಿದ್ದರು. ಮನೆಗೊಬ್ಬರಂತೆ ಬಂದು ಅದನ್ನು ಮುಟ್ಟಿ "ಏಣಿಗೆ" ಎಂದು ಹೇಳಿ ಹೋಗಬೇಕು, ಅದು ಆಣೆ ಇಟ್ಟ ಹಾಗೆ. ನನಗೆ ಇದು ಅಷ್ಟೊಂದು ಹಿಡಿಸಲಿಲ್ಲ. ಹಾಗಂತ ಬೇಡ ಎಂದೂ ಹೇಳಲಿಲ್ಲ. ಒಬ್ಬೊಬ್ಬರೇ ಬಂದು ಮುಟ್ಟುತ್ತಿದ್ದಾಗ ಒಳಗೊಳಗೆ ಹಿಗ್ಗುತ್ತಲೇ ಇದ್ದೆ.

ಬೀದಿಯ ಕೊನೆಮನೆಯಲ್ಲಿ ಒಬ್ಬ ಹೆಂಗಸು ಇದ್ದಳು. ಗಂಡ ಸತ್ತು ಬಹಳ ಕಾಲವಾಗಿತ್ತು, ಮನೆಯಲ್ಲಿ ಒಬ್ಬಳೇ. ನನಗಿಂತ ಹತ್ತಾರು ವರ್ಷ ದೊಡ್ಡವಳು. ಊರವರೆಲ್ಲ ಕೊನೆಮನೆಯಕ್ಕ ಎನ್ನುತ್ತಿದ್ದರು. ಕೂಲಿ ಬಿಟ್ಟು ಪಟೇಲರ ಸೊಪ್ಪಿನಲ್ಲಿ ಹುಳು ಸಾಕಲು ತೊಡಗಿದ್ದು ಈಚೆಗೆ. ಅವಳು ಬಂದಳು, ತಟ್ಟೆಯ ಮುಂದೆ ನಿಂತಳು, ಕೈ ಸೆರಗಿನೊಳಗೇ ಇತ್ತು.

"ನಾನು ಮುಟ್ಟಲ್ಲ ಪಟೇಲ್ರೇ. ಸಾಹೇಬ್ರಿಗೆ ಮಾತು ಕೊಟ್ಟಿದೀನಿ."

ಹಿಂದಿನ ಬೆಳೆಯಲ್ಲಿ ಅವಳ ಗೂಡು ಜಾಳಾಗಿ, ಯಾವ ರೀಲರೂ ಮೂಸಿ ನೋಡದೆ ಹೋದಾಗ ಸಾಹೇಬರು ಅಷ್ಟನ್ನೂ ಎತ್ತಿಕೊಂಡಿದ್ದರಂತೆ. ಅದನ್ನು ಅವಳೇ ಎಲ್ಲರ ಎದುರಿಗೆ ಹೇಳಿದಳು. ಆಮೇಲೆ ನನ್ನ ಕಡೆ ತಿರುಗಿದಳು. ಆಂಧ್ರದ ಗಡಿ ಕಡೆಯಿಂದ ಬಂದ ಸೊಸೆ, ಮಾತಿನಲ್ಲಿ ತೆಲುಗು ನುಸುಳುತ್ತಿತ್ತು; ಅಪ್ಪಾ ಎನ್ನುವ ಕಡೆ ನಾಯ್ನಾ ಎನ್ನುತ್ತಿದ್ದಳು.

"ತಪ್ಪು ತಿಳ್ಕೋಬೇಡ ನಾಯ್ನಾ. ನೀನೂ ಒಳ್ಳೇವ್ನೇ."

ಜನ ನಕ್ಕರು. ನಾನೂ ನಕ್ಕೆ. ಪಟೇಲರು ನಗಲಿಲ್ಲ.

ಗುರುವಾರ ಎರಡು ಊರು, ಒಂದು ನಾಮಕರಣ. ತೊಟ್ಟಿಲಿಂದ ಕೂಸನ್ನು ಎತ್ತಿ ನನ್ನ ಕೈಗೆ ಕೊಟ್ಟರು, ಅದು ಜುಬ್ಬವನ್ನು ಒದ್ದೆ ಮಾಡಿತು. ಕೂಸಿನ ಅಜ್ಜಿ "ಶುಭ ಆಯ್ತು, ಗೆದ್ರಿ ಬಿಡಿ" ಎಂದಳು. ನಾನು ಅದನ್ನೂ ನಂಬಿಕೊಂಡು ಖುಷಿಯಾಗಿ ಮನೆಗೆ ಬಂದೆ.

ಶುಕ್ರವಾರ ಮಧ್ಯಾಹ್ನ ಬೇರೆ ಊರಿಗೆ ಹೋಗುತ್ತ ಪಟೇಲರ ಊರಿನ ಮೂಲಕ ನಡೆದು ಬರುತ್ತಿದ್ದೆ. ಭಾವಮೈದ ಜೀಪಿನ ಜೊತೆ ಊರಾಚೆ ಕಾಯುತ್ತಿದ್ದ. ಆ ವಾರದಲ್ಲಿ ಹುಳು ಸಾಕುವ ಬೀದಿಯಲ್ಲಿ ನಡೆದರೆ ಕಿವಿಗೆ ಒಂದು ಸದ್ದು ಬೀಳುತ್ತಲೇ ಇರುತ್ತದೆ, ಮೊರದಲ್ಲಿ ರಾಗಿ ಕೇರಿದ ಹಾಗೆ. ಪ್ರತಿ ಮನೆಯೊಳಗೂ ಹುಳು ಸೊಪ್ಪು ಮೇಯುವ ಸದ್ದು ಅದು. ಬೀದಿಯುದ್ದಕ್ಕೂ ಆ ಸದ್ದಿನ ಜೊತೆಯೇ ಬಂದೆ. ಕೊನೆಮನೆಯ ಮುಂದೆ ಅದು ನಿಂತುಹೋಯಿತು.

ಬಾಗಿಲಲ್ಲಿ ಬೇವಿನ ಸೊಪ್ಪು ಇತ್ತು. ಒಳಗೆ ಹುಳು ಇದೆ, ಆದರೆ ಸದ್ದಿಲ್ಲ. ಜ್ವರ ಎದ್ದು ಮೂರು ದಿನವಾದ ಹುಳು ಸುಮ್ಮನಿರುವುದಿಲ್ಲ. ನಾನು ಕೂಗಿದೆ. ಕೊನೆಮನೆಯಕ್ಕ ಹೊರಗೆ ಬಂದು ಬಾಗಿಲನ್ನು ಹಿಂದಕ್ಕೆ ಎಳೆದುಕೊಂಡಳು.

"ಒಳಕ್ಕೆ ಕರಿಯಕ್ಕಾಗಲ್ಲ ನಾಯ್ನಾ. ಹುಳ ಇದೆ."

"ಸದ್ದೇ ಇಲ್ವಲ್ಲಕ್ಕ. ತಿಂತಿಲ್ವಾ?"

"ಸೊಪ್ಪಿದ್ರೆ ತಿಂತಾವೆ."

ನಾನೇ ಕೆದಕಿ ಕೆದಕಿ ಕೇಳಿದ ಮೇಲೆ ಗೊತ್ತಾಯಿತು. ಗುರುವಾರ ಬೆಳಿಗ್ಗೆ ತೋಟಕ್ಕೆ ಹೋದರೆ ಪಟೇಲರ ಆಳು ಬೇಲಿಯ ಗೇಟು ತೆಗೆಯಲಿಲ್ಲವಂತೆ. ಏರಿ ಮೇಲಿದ್ದ ಒಂದೆರಡು ಹಿಪ್ಪುನೇರಳೆ ಮರದ ಎಲೆ ಕಿತ್ತು ತಂದು ಹಾಕಿದ್ದಾಳೆ. ಅದು ಶುಕ್ರವಾರ ಬೆಳಿಗ್ಗೆಗೇ ಮುಗಿದಿದೆ. ಬೇರೆ ತೋಟದವರು ತಮ್ಮ ಹುಳುವಿಗೇ ಸಾಲದು ಎಂದಿದ್ದಾರೆ, ಅದು ಸುಳ್ಳೂ ಅಲ್ಲ. ಈ ಬೆಳೆ ಹೋದರೆ ಮುಂದಿನ ಸಲ ಅವಳಿಗೆ ಸೊಪ್ಪು ಕೊಡುವವರಿಲ್ಲ, ಮತ್ತೆ ಕೂಲಿಯೇ ಗತಿ. ಅವಳು ಬಾಗಿಲನ್ನು ಚೂರು ಸರಿಸಿದಳು. ಹುಳು ಸಾಕುವ ಬಿದಿರು ತಟ್ಟೆಗಳಲ್ಲಿ ಹುಳುಗಳು ಬರೀ ಎಲೆಯ ತೊಟ್ಟುಗಳ ಮೇಲೆ ತಲೆ ಎತ್ತಿಕೊಂಡು ಆಚೆ ಈಚೆ ಆಡಿಸುತ್ತಿದ್ದವು, ಎಲೆ ಹಾಕಿಸಿಕೊಂಡು ಅನ್ನಕ್ಕೆ ಕಾದು ಕೂತ ಮಕ್ಕಳ ಹಾಗೆ.

ನೆಟ್ಟಗೆ ಪಟೇಲರ ಮನೆಗೆ ಹೋದೆ. ಅವರು ಊಟ ಮಾಡಿ ಎಲೆ ಅಡಿಕೆ ಹಾಕಿಕೊಂಡು ಕೂತಿದ್ದರು.

"ನಿನ್ನ ಮರ್ಯಾದೆಗೇ ಮಾಡಿದ್ದಯ್ಯ" ಎಂದರು. "ಇವತ್ತು ಅವಳು, ನಾಳೆ ಇನ್ನೊಬ್ಬ. ಬಂದು ತಟ್ಟೆ ಮುಟ್ಟಿ ಒಂದು ಮಾತು ಹೇಳ್ಲಿ, ಗೇಟು ತೆಗೆಸ್ತೀನಿ. ನಾನೇನು ಹುಳಕ್ಕೆ ಶತ್ರುನಾ?"

ಸುಲಭವಾಯಿತು ಎಂದುಕೊಂಡೆ. ಮತ್ತೆ ಕೊನೆಮನೆಗೆ ಬಂದೆ. ಮುಟ್ಟಿ ಹೇಳಿಬಿಡು, ಓಟಿನ ಪೆಟ್ಟಿಗೆಯೊಳಗೆ ಯಾರೂ ಇಣುಕಿ ನೋಡುವುದಿಲ್ಲ, ಹಾಕುವಾಗ ನಿನಗೆ ಬೇಕಾದವರಿಗೆ ಹಾಕಿಕೋ ಎಂದು ನಾನೇ, ಅಭ್ಯರ್ಥಿಯೇ, ಅವಳಿಗೆ ಉಪಾಯ ಹೇಳಿಕೊಟ್ಟೆ.

"ಪೆಟ್ಗೆ ಒಳಗೆ ಯಾರೂ ನೋಡಲ್ಲ, ಸರಿ" ಎಂದಳು. "ಹುಳ ಮನೇಲಿಟ್ಕೊಂಡು ಸುಳ್ಳು ಆಣೆ ಮಾಡಕ್ಕಾಗುತ್ತಾ ನಾಯ್ನಾ? ಮಾಡಿ ಆ ಸೊಪ್ಪು ತಂದ್ರೆ ಯಾವ ಕೈಯಾಗೆ ಹಾಕ್ಲಿ?"

ಅದು ನಮ್ಮ ಮನೆಗಳ ನಡವಳಿಕೆಯೇ. ಹುಳು ಇರುವಷ್ಟು ದಿನ ಮನೆಯಲ್ಲಿ ಕೆಟ್ಟ ಮಾತಿಲ್ಲ, ಸುಳ್ಳು ಆಣೆ ಇಲ್ಲ. ನನಗೂ ಗೊತ್ತಿತ್ತು. ಆದರೂ ಅವಳ ಮೇಲೆ ಸಿಟ್ಟು ಬಂತು. ಒಂದು ಮಾತಿನಲ್ಲಿ ಮುಗಿಯುವುದಕ್ಕೆ ಇಷ್ಟು ಹಟವೇ ಅನ್ನಿಸಿತು. ಪಟೇಲರ ಮೇಲೂ ಸಿಟ್ಟು, ಜೀಪಿನ ಮೇಲೂ ಸಿಟ್ಟು. ಭಾವಮೈದ ಎಲ್ಲ ಕೇಳಿಸಿಕೊಂಡು, "ಭಾವ, ಈ ಊರು ಕೈ ಬಿಟ್ರೆ ನಾವು ಮನೆಗೆ ಹೋಗ್ಬೋದು. ಒಂದು ಮನೆ ಹುಳ ಅದು. ಎಲೆಕ್ಷನ್ ಆಗ್ಲಿ, ಆಮೇಲೆ ಅವಳಿಗೆ ಏನಾದ್ರೂ ದಾರಿ ನೋಡೋಣ" ಎಂದ. ಅವನು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಆದರೆ ಹುಳು ಎಲೆಕ್ಷನ್ ಆಗುವ ತನಕ ಕಾಯುವುದಿಲ್ಲ.

ಮನೆಗೆ ಬಂದಾಗ ಸಂಜೆಯ ಬಿಸಿಲು ಇನ್ನೂ ಇತ್ತು. ಹೆಂಡತಿ ಜಗಲಿಯಲ್ಲಿ ಎಲೆ ಬಿಡಿಸುತ್ತಿದ್ದಳು. ಎದುರಿಗೆ ಕೂತು ನಾನೂ ಒಂದು ಕಡ್ಡಿ ಎತ್ತಿಕೊಂಡೆ. ನಡೆದದ್ದೆಲ್ಲ ಹೇಳಿದೆ. ಅವಳು ತಲೆ ಎತ್ತದೆ ಕೇಳಿದಳು.

"ಸೊಪ್ಪು ನಿಂತು ಎಷ್ಟು ದಿನ ಆಯ್ತಂತೆ?"

"ಎರಡು ದಿನ ಆಗ್ತಾ ಬಂತು."

"ನಮ್ಮ ತೋಟದ್ದು ನಮ್ಮ ಹುಳಕ್ಕೆ ಸರಿಯಾಗಿದೆ. ಒಂದು ಕಡ್ಡಿ ಹೆಚ್ಚಿಲ್ಲ."

"ಗೊತ್ತು ಕಣೇ."

ಅವಳು ಕೈಯಲ್ಲಿದ್ದ ಕಡ್ಡಿಯ ಎಲೆಯನ್ನೆಲ್ಲ ಬಿಡಿಸಿ ಮುಗಿಸಿದಳು. ಆಮೇಲೆ ಅವಳೇ ಹೇಳಿದಳು. "ನಮ್ಮವಕ್ಕೆ ದಿನಾ ಒಂದು ಹೊತ್ತು ಕಮ್ಮಿ ಮಾಡಿದ್ರೆ ಗೂಡು ಸಣ್ಣದಾಗುತ್ತೆ, ಅಷ್ಟೆ. ಅವಳವು ಸತ್ತೇ ಹೋಗ್ತಾವೆ."

"ಪಟೇಲರು?"

"ಪಟೇಲ್ರು ಹೊಟ್ಟೆ ತುಂಬ ಉಂಡಿದಾರಲ್ಲ" ಎಂದು ಎದ್ದಳು. ಆ ಸಂಜೆಗೆಂದು ಬಿಡಿಸಿಟ್ಟಿದ್ದ ಎಲೆಯನ್ನೆಲ್ಲ ಹಳೆಯ ಸೀರೆಯಲ್ಲಿ ಸಡಿಲವಾಗಿ ಕಟ್ಟಿದಳು. ಬಿಗಿದರೆ ಸೊಪ್ಪು ಕಾವು ಏರಿ ಕೆಡುತ್ತದೆ. "ಬೇಗ ಹೋಗಿ. ಬಾಡೋದ್ರೊಳಗೆ ಮುಟ್ಟಿಸಿ."

ಮದುವೆಯಾಗಿ ಅಷ್ಟು ವರ್ಷವಾಗಿತ್ತು. ಅವಳನ್ನು ಅಷ್ಟು ಹತ್ತಿರದಿಂದ ನೋಡಿದ್ದು ಅದೇ ಮೊದಲೇನೋ ಅನ್ನಿಸಿತು. ಬೇಗ ಹೋಗಿ ಎಂದಿದ್ದಳಲ್ಲ, ಜೀಪಿಗೆ ಹಾಕಿಕೊಂಡು ಹೊರಟೆ.

ಅಲ್ಲೇ ಕೆಟ್ಟಿದ್ದು. ಜೀಪಿನ ಹಿಂದೆ ಡ್ರೈವರು ಪೆಟ್ರೋಲಿನ ಡಬ್ಬ ಇಟ್ಟಿದ್ದ. ಅವಸರದಲ್ಲಿ ಗಂಟನ್ನು ಅದರ ಪಕ್ಕಕ್ಕೇ ತಳ್ಳಿದ್ದೆ. ಕೆರೆ ಸುತ್ತಿ ಬರುವಷ್ಟರಲ್ಲಿ ಕುಲುಕಾಡಿ ಡಬ್ಬದ ಬಾಯಿಂದ ಚೆಲ್ಲಿತ್ತು. ಕೊನೆಮನೆಯಕ್ಕ ಗಂಟು ಬಿಚ್ಚಿ ಎರಡು ಕೈಯಲ್ಲಿ ಎಲೆ ಎತ್ತಿ ಮುಖಕ್ಕೆ ಹಿಡಿದಳು. ಮತ್ತೊಂದು ಸಲ ಮೂಸಿದಳು. ಅವಳ ಮುಖ ಸಪ್ಪಗಾಯಿತು.

"ಇದೇನು ನಾಯ್ನಾ ವಾಸ್ನೆ?"

"ಪೆಟ್ರೋಲು" ಎಂದೆ.

"ಹಸಿದವ್ವೆ. ಹಾಕಿದ್ರೆ ತಿಂದೇಬಿಡ್ತಾವೆ" ಎಂದಳು. "ತಿಂದು ಬೆಳಗಾಗೋದ್ರೊಳಗೆ ಸಾಯ್ತಾವೆ."

ಬೈದಿದ್ದರೆ ವಾಸಿಯಿತ್ತು. ಹೆಂಡತಿ ತನ್ನ ಹುಳುವಿನ ಬಾಯಿಂದ ಕಿತ್ತು ಕೊಟ್ಟ ಸೊಪ್ಪು ಇವಳ ಹುಳುವಿಗೂ ಇಲ್ಲದಂತೆ ಮಾಡಿದ್ದೆ. ನಾನು ಜಗಲಿಯ ಮೇಲೆ ಕೂತೆ. ಅವಳು ಒಂದು ಮೊರ ತಂದು ನಡುವೆ ಇಟ್ಟು, ಗಂಟಿನ ಮೇಲಿನ ಎಲೆಯನ್ನು ಬದಿಗೆ ಸರಿಸಿ, ನಟ್ಟನಡುವಿನ ಎಲೆ ಒಂದನ್ನು ತೆಗೆದು ಮೂಸಿದಳು. ಮೊರಕ್ಕೆ ಹಾಕಿದಳು. ಇನ್ನೊಂದು ಮೂಸಿದಳು, ಹಸುವಿನ ಕಡೆ ಎಸೆದಳು. ಹಸುವೂ ಅದನ್ನು ಮುಟ್ಟಲಿಲ್ಲ. ನಾನೂ ಕೈ ತೊಳೆದು ಬಂದು ಕೂತೆ. ಒಂದೊಂದೇ ಎಲೆ ಎತ್ತಿ, ಎಂದೂ ಮೂಗಿಗೆ ಅಷ್ಟು ಕೆಲಸ ಕೊಟ್ಟವನಲ್ಲ, ಇಬ್ಬರೂ ಮೂಸುತ್ತ ಕೂತೆವು. ಅನುಮಾನ ಬಂದರೆ ನಾನು ಅವಳಿಗೆ ಕೊಡುತ್ತಿದ್ದೆ, ಅವಳು ನನಗೆ ಕೊಡುತ್ತಿದ್ದಳು. ಬೆಳಕು ಹೋಗುವ ಮುಂಚೆ ಒಂದು ಮೊರ ಎಲೆ ಸಿಕ್ಕಿತು.

ಅವಳು ಒಳಗೆ ಹೋಗಿ ತೆಳ್ಳಗೆ ಹರಡಿದಳು. ನಾನು ಹೊರಗೇ ನಿಂತೆ. ಮೊದಲು ಏನೂ ಇಲ್ಲ. ಆಮೇಲೆ ಒಂದು ತಟ್ಟೆಯಿಂದ ಸಣ್ಣಗೆ, ಆಮೇಲೆ ಇನ್ನೊಂದರಿಂದ, ಆ ರಾಗಿ ಕೇರುವ ಸದ್ದು ಬಂತು. ಹೊರಗೆ ನಿಂತವನ ಕಣ್ಣು ತುಂಬಿಬಿಟ್ಟಿತು. ಹುಳು ಮೇಯುವ ಸದ್ದನ್ನು ಹುಟ್ಟಿದಾಗಿನಿಂದ ಕೇಳಿದ್ದೇನೆ, ಅಂಥದ್ದು ಅದಕ್ಕೆ ಮೊದಲು ಆಗಿರಲಿಲ್ಲ.

ಪೆಟ್ರೋಲಿನ ವಿಷಯ ಹೇಳಿದಾಗ ಹೆಂಡತಿ "ಬುದ್ಧಿ ಎಲ್ಲಿಟ್ಟಿದ್ರಿ?" ಎಂದು ಒಂದೇ ಮಾತು ಕೇಳಿದಳು. ಶನಿವಾರ ಇಬ್ಬನಿ ಆರುವವರೆಗೆ ಕಾದು, ನಾವಿಬ್ಬರೂ ಕಡ್ಡಿ ಕೊಯ್ದೆವು. ಒದ್ದೆ ಸೊಪ್ಪು ಹಾಕಿದರೂ ಹುಳು ಕೆಡುತ್ತದೆ. ಈ ಸಲ ಜೀಪೂ ಬೇಡ, ಗಾಡಿಯೂ ಬೇಡ ಎಂದು ಹೊರೆಯನ್ನು ತಲೆಯ ಮೇಲೆ ಹೊತ್ತೆ. ಬಿಳಿ ಜುಬ್ಬ ಹಾಕಿಕೊಂಡೇ ಇದ್ದೆ, ಹಾಗೇ ಅಲ್ಲಿಂದ ಬೇರೆ ಊರಿಗೆ ಹೋಗಿ ಓಟು ಕೇಳುವ ಯೋಚನೆ. ಕೆರೆ ಏರಿ ದಾಟಿ ಪಟೇಲರ ಬೀದಿಗೆ ಬರುವ ಹೊತ್ತಿಗೆ ಜುಬ್ಬದ ಮೇಲೆಲ್ಲ ಹಸಿರು ಹತ್ತಿತ್ತು.

ಪಟೇಲರು ಜಗಲಿಯ ಮೇಲೆಯೇ ಇದ್ದರು. "ಏನಯ್ಯ, ಅಭ್ಯರ್ಥಿಗಳು ಕೂಲಿಗೆ ಹೊರಟ್ರಾ?" ಎಂದರು. ಆಮೇಲೆ ದನಿ ಇಳಿಸಿ, "ಊರಿನ ಓಟು ಬೇಕೋ, ಅವಳ ಹುಳ ಬೇಕೋ ನೋಡ್ಕೊ. ನಿನ್ನ ಒಳ್ಳೇದಕ್ಕೆ ಹೇಳ್ತಿರೋದು" ಎಂದರು.

ಹೊರೆ ಹೊತ್ತವನಿಗೆ ತಲೆ ಆಡಿಸಲು ಆಗುವುದಿಲ್ಲ. ನನಗೆ ಮೊದಲೇ ಮೂಗಿನ ತುದಿಯಲ್ಲಿ ಸಿಟ್ಟು. "ಪಟೇಲ್ರೇ, ಓಟಿಗೆ ಸೋಮವಾರದ ತನಕ ಟೈಮಿದೆ. ಇದು ಬಾಡೋಗುತ್ತೆ" ಎಂದು ಹೇಳಿ ಮುಂದಕ್ಕೆ ನಡೆದೆ. ಅವರು ಎದ್ದು ಒಳಗೆ ಹೋದ ಸದ್ದು ಕೇಳಿತು. ನನ್ನ ಎಲೆಕ್ಷನ್ ಮುಗಿಯಿತು ಎಂದು ಆಗಲೇ ತಿಳಿಯಿತು. ನನ್ನ ತಂದೆಯ ಸ್ನೇಹವೂ ಅವರ ಜೊತೆ ಎದ್ದು ಹೋದ ಹಾಗಾಗಿ ಸಂಕಟವಾಯಿತು.

ಶನಿವಾರ, ಭಾನುವಾರ ಎರಡು ದಿನವೂ ಬೆಳಿಗ್ಗೆ ಒಂದು ಹೊರೆ, ಸಂಜೆ ಒಂದು ಹೊರೆ. ಪ್ರಚಾರದ ಕೊನೆಯ ದಿನಗಳು ಹೀಗೆ ಕಳೆದವು. ಭಾವಮೈದ ಕೋಪಿಸಿಕೊಂಡು ಜೀಪು ತೆಗೆದುಕೊಂಡು ಒಬ್ಬನೇ ಊರೂರು ಸುತ್ತಿದ. ಭಾನುವಾರ ಸಂಜೆ ಮಾತ್ರ ಪ್ಯಾಂಟು ಮಡಚಿಕೊಂಡು ತೋಟಕ್ಕೆ ಬಂದು, "ಕೊಡಿ ಭಾವ, ನಾನು ಹೊರ್ತೀನಿ, ನಿಮ್ಮ ಕತ್ತು ನೆಟ್ಟಗಿಲ್ಲ" ಎಂದ. ಅವನು ಹೊತ್ತ ಹೊರೆ ದಾರಿಯಲ್ಲಿ ಮೂರು ಸಲ ಕೆಳಗೆ ಬಿತ್ತಂತೆ.

ಸೋಮವಾರ ಓಟು. ನಮ್ಮ ಹುಳು ಹಣ್ಣಾಗುವುದು ಮಂಗಳವಾರ ಎಂದು ಹೆಂಡತಿಯ ಅಂದಾಜು. ಆದರೆ ಹೊಟ್ಟೆ ಸರಿಯಾಗಿ ತುಂಬದ ಹುಳುಗಳು ಒಂದು ದಿನ ಮೊದಲೇ ಹಣ್ಣಾಗಿಬಿಟ್ಟವು. ಸೋಮವಾರ ಬೆಳಿಗ್ಗೆ ತಟ್ಟೆ ನೋಡಿದರೆ ಹುಳುಗಳು ಸೊಪ್ಪು ಬಿಟ್ಟು, ಮೈಯೆಲ್ಲ ಹಣ್ಣು ದ್ರಾಕ್ಷಿಯ ಹಾಗೆ ಮಿಂಚುತ್ತ ಅಂಚಿಗೆ ಹರಿಯುತ್ತಿದ್ದವು. ಇನ್ನು ಅವು ತಡೆಯುವುದಿಲ್ಲ. ಒಂದೊಂದನ್ನೇ ಆರಿಸಿ ಚಂದ್ರಿಕೆಗೆ, ಅಂದರೆ ಬಿದಿರು ಚಾಪೆಯ ಮೇಲೆ ಸುರುಳಿ ಸುರುಳಿಯಾಗಿ ಪಟ್ಟಿ ಕಟ್ಟಿದ ತಟ್ಟಿಗೆ, ಬಿಡಬೇಕು. ಇಲ್ಲದಿದ್ದರೆ ಕಸದಲ್ಲೇ ಗೂಡು ಕಟ್ಟಿ ಹಾಳಾಗುತ್ತವೆ. ಅದಕ್ಕೆ ಕೈ ಬೇಕು. ಊರಿನ ಕೈಗಳೆಲ್ಲ ಅವತ್ತು ಮತಗಟ್ಟೆಯ ಹತ್ತಿರ. ನಾನೂ ಅಲ್ಲಿಗೆ ಹೊರಟು ನಿಂತವನು. ಹೆಂಡತಿ ನನ್ನನ್ನು ನೋಡಿದಳು, ನಾನು ಅವಳನ್ನು ನೋಡಿದೆ.

ಹೊರಗೆ ಯಾರೋ ಕಾಲು ತೊಳೆಯುವ ಸದ್ದಾಯಿತು. ಕೊನೆಮನೆಯಕ್ಕ.

"ನಮ್ಮವು ನಾಳಿಕ್ಕೆ ನಾಯ್ನಾ. ಅರೆಹೊಟ್ಟೇವು ಮುಂಚೆ ಹಣ್ಣಾಗ್ತಾವೆ, ಪೂರಾ ಉಪವಾಸ ಇದ್ದವು ಹಿಂದೆ ಬೀಳ್ತಾವೆ. ಕೈ ಖಾಲಿ ಇತ್ತು, ಮುಯ್ಯಾಳಿಗೆ ಬಂದೆ." ಒಬ್ಬರ ಮನೆ ಕೆಲಸಕ್ಕೆ ಇನ್ನೊಬ್ಬರು ಹೋಗಿ ಕೈ ಜೋಡಿಸಿ, ತಮ್ಮ ಸರದಿಗೆ ಅವರನ್ನು ಕರೆಯುವುದಕ್ಕೆ ಮುಯ್ಯಾಳು ಅನ್ನುತ್ತೇವೆ. ಅವಳು ಆಗಲೇ ಸೆರಗು ಸಿಕ್ಕಿಸಿಕೊಂಡು ತಟ್ಟೆಯ ಮುಂದೆ ಕೂತಿದ್ದಳು. ಸ್ವಲ್ಪ ಹೊತ್ತಾದ ಮೇಲೆ ನನ್ನ ಹೆಂಡತಿಗೆ, "ಹೋಗಮ್ಮ, ಬಿಸಿಲು ಏರೋದ್ರೊಳಗೆ ನಿನ್ನ ಗಂಡನಿಗೆ ಓಟು ಹಾಕಿ ಬಾ. ನಾನಿರ್ತೀನಿ" ಎಂದಳು.

ಹೆಂಡತಿ ಓಟು ಹಾಕಿ ಬಂದಳು. ಮಧ್ಯಾಹ್ನ ನಾನು ಊಟಕ್ಕೆ ಬಂದಾಗ ಇಬ್ಬರೂ ಎದುರು ಬದುರು ಕೂತು ಹುಳು ಆರಿಸುತ್ತಿದ್ದರು. ಕೊನೆಮನೆಯಕ್ಕ ಕೈ ಒರೆಸಿಕೊಂಡು ಎದ್ದಳು.

"ಇನ್ನು ನಾನು ಹೋಗಿ ಸಾಹೇಬ್ರಿಗೆ ಹಾಕ್ಬಿಟ್ಟು ಬರ್ತೀನಿ" ಎಂದಳು, ನೀರು ಸೇದಿ ಬರ್ತೀನಿ ಎನ್ನುವಷ್ಟು ಸಹಜವಾಗಿ.

ಹೆಂಡತಿ, "ಹಸ್ಕೊಂಡು ಹೋಗ್ಬೇಡಕ್ಕ. ಮುದ್ದೆ ಬೆಂದಿದೆ, ಉಂಡು ಹೋಗು" ಎಂದಳು.

ನನ್ನ ಮನೆಯ ಮುದ್ದೆ ಉಂಡು ಅವಳು ಕೊಡೆಗೆ ಓಟು ಹಾಕಲು ಬಿಸಿಲಿನಲ್ಲಿ ಕೆರೆ ಏರಿ ಮೇಲೆ ನಡೆದು ಹೋದದ್ದನ್ನು ನಾನು ಜಗಲಿಯಲ್ಲಿ ನಿಂತು ನೋಡಿದೆ. ಅಷ್ಟು ನೇರವಾಗಿ ನಡೆದು ಹೋಗುವವರನ್ನು ನೋಡುವುದೇ ಒಂದು ಸುಖ. ಸಂಜೆಗೆ ಮತ್ತೆ ಬಂದು ಉಳಿದ ಹುಳುವನ್ನೂ ಚಂದ್ರಿಕೆಗೆ ಬಿಟ್ಟು, ನಮ್ಮವು ತಿನ್ನದೆ ಉಳಿದ ಸೊಪ್ಪನ್ನು ತನ್ನ ಹುಳುವಿಗೆ ಹೊತ್ತುಕೊಂಡು ಹೋದಳು.

ಮಂಗಳವಾರ ಶಿಡ್ಲಘಟ್ಟದಲ್ಲಿ ಎಣಿಕೆ. ಅಭ್ಯರ್ಥಿ ಹೋಗಬೇಕು. ಭಾವಮೈದ ಬೆಳಿಗ್ಗೆಯೇ ಬಂದು ಕರೆದ. ಅವತ್ತು ಕೊನೆಮನೆಯಕ್ಕನ ಹುಳು ಹಣ್ಣಾಗಿತ್ತು. "ಎಣಿಸೋಕೆ ನೀನಿದೀಯಲ್ಲ, ನೀನು ಹೋಗು" ಎಂದು ಅವನನ್ನು ಕಳಿಸಿ, ನಾನೂ ಹೆಂಡತಿಯೂ ಮುಯ್ಯಾಳಿಗೆ ಹೊರಟೆವು.

ಆ ಮನೆಯ ಹೊಸಿಲು ದಾಟಿದ್ದು ಅವತ್ತೇ ಮೊದಲು. ಒಂದೇ ಅಂಕಣದ ಮನೆ, ಗೋಡೆಯುದ್ದಕ್ಕೂ ತಟ್ಟೆ. ಎಲ್ಲವೂ ಬದುಕಿರಲಿಲ್ಲ, ಅಲ್ಲಲ್ಲಿ ಸೊರಗಿದವು, ಸತ್ತವು ಇದ್ದವು. ಆದರೆ ಬಹುಪಾಲು ಹಣ್ಣಾಗಿ ಮಿಂಚುತ್ತಿದ್ದವು. ಅವಳು ಒಂದನ್ನು ಎತ್ತಿ ಬಾಗಿಲ ಬೆಳಕಿಗೆ ಹಿಡಿದು ನೋಡಿ, ಏನೂ ಹೇಳದೆ ಚಂದ್ರಿಕೆಗೆ ಬಿಟ್ಟಳು. ಮೂವರೂ ಕೂತೆವು. ಮಧ್ಯಾಹ್ನ ದಾಟಿತು. ಹೊರಗೆ ಸೈಕಲ್ ನಿಂತ ಸದ್ದಾಯಿತು.

ಸಾಹೇಬರು. ಕುತ್ತಿಗೆಯಲ್ಲಿ ದಪ್ಪ ಮಲ್ಲಿಗೆ ಹಾರ. ನೆಟ್ಟಗೆ ನಮ್ಮ ಮನೆಗೆ ಹೋಗಿ, ಅಲ್ಲಿಲ್ಲ ಎಂದು ತಿಳಿದು ಇಲ್ಲಿಗೆ ಬಂದಿದ್ದರು. ಬಾಗಿಲ ಹೊರಗೆ ನಿಂತು ತಪ್ಪು ಮಾಡಿದವರ ಹಾಗೆ ಹೇಳಿದರು. "ಗೌಡ್ರೇ, ನನಗಾಯ್ತು. ಪಟೇಲ್ರೇ ಆಣೆ ಬಿಡಿಸಿ ಈ ಊರಿನ ಓಟು ಅಷ್ಟೂ ನನಗೇ ಹಾಕಿಸಿದ್ರಂತೆ. ನಾನು ಪಟೇಲ್ರನ್ನ ಕೇಳೇ ಇರಲಿಲ್ಲ."

ನೋವಾಗಲಿಲ್ಲ ಎಂದರೆ ಸುಳ್ಳು. ಕೈಯಲ್ಲಿ ಹುಳು ಇತ್ತು, ತಣ್ಣಗೆ, ನೂಲು ಬಿಡಲು ಜಾಗ ಹುಡುಕುತ್ತ ತಲೆ ಆಡಿಸುತ್ತಿತ್ತು. ಅದನ್ನು ಚಂದ್ರಿಕೆಗೆ ಬಿಟ್ಟು, "ಒಳ್ಳೇದಾಯ್ತು ಸಾಹೇಬ್ರೇ. ಮೇಲೂರು ದಾರಿ ಮರೀಬೇಡಿ" ಎಂದೆ. ಹೆಂಡತಿ ನನ್ನ ಕಡೆ ನೋಡಲಿಲ್ಲ. ಅವಳ ಮೊಣಕಾಲು ಮಾತ್ರ ಸರಿದು ನನ್ನ ಮೊಣಕಾಲಿಗೆ ತಾಗಿ ಅಲ್ಲೇ ನಿಂತಿತು.

ಸಾಹೇಬರು ಒಳಗೆ ಬರಲು ಕಾಲೆತ್ತಿದರು. ಕೊನೆಮನೆಯಕ್ಕ ಕೂತಲ್ಲಿಂದಲೇ ಕೈ ಅಡ್ಡ ಹಿಡಿದಳು.

"ಹಾರ ಆಚೆ ಇಟ್ಟು ಬನ್ನಿ ಸಾಹೇಬ್ರೇ. ಹುಳಕ್ಕೆ ಹೂವಿನ ವಾಸ್ನೆ ಆಗಲ್ಲ. ಕೈಕಾಲೂ ತೊಳ್ಕೊಳ್ಳಿ, ಅತ್ತರು ಹೋಗ್ಲಿ."

ಗೆದ್ದವರು ಹಾರ ತೆಗೆದು ಸೈಕಲ್ಲಿನ ಹ್ಯಾಂಡಲ್ಲಿಗೆ ಹಾಕಿ, ಬೂದಿ ಹಚ್ಚಿ ಮೊಣಕೈವರೆಗೆ ತೊಳೆದುಕೊಂಡು, ನನ್ನ ಎದುರಿಗೆ ಬಂದು ಕೂತರು. ಜೀವಮಾನವೆಲ್ಲ ಗೂಡಿನ ವ್ಯಾಪಾರ ಮಾಡಿದವರು, ಹುಳು ಮುಟ್ಟಿ ಅಭ್ಯಾಸವಿಲ್ಲ. ಒಂದನ್ನು ಹೆದರಿ ಹೆದರಿ ಎತ್ತಿದರು. ಎರಡನ್ನು ಒಂದೇ ಕಡೆ ಬಿಟ್ಟರು.

"ಒಟ್ಟಿಗೆ ಬಿಟ್ರೆ ಎರಡೂ ಸೇರಿ ಒಂದೇ ಗೂಡು ಕಟ್ತಾವೆ. ಅದರಾಗೆ ನೂಲು ಬರಲ್ಲ ಅಂತ ಆಮೇಲೆ ನೀವೇ ಜಗಳಕ್ಕೆ ಬರ್ತೀರ" ಎಂದಳು ಅವಳು. "ಗೌಡ್ರನ್ನ ನೋಡಿ ಕಲೀರಿ."

ಸಾಹೇಬರು ಮಣೆ ಎಳೆದುಕೊಂಡು ನನ್ನ ಪಕ್ಕಕ್ಕೆ ಬಂದರು. "ತೋರಿಸಿ ಗೌಡ್ರೇ" ಎಂದರು.

ಅವರ ಅಂಗೈಯ ಮೇಲೆ ಒಂದು ಹಣ್ಣು ಹುಳು ಇಟ್ಟು, ಬೆನ್ನ ಮೇಲೆ ಹಗುರವಾಗಿ ಹಿಡಿಯುವುದು ಹೇಗೆಂದು ತೋರಿಸಿದೆ.